ಎರಡನೇ ಹಾಳೆಯನ್ನು ಯಾಕೆ ತೆಗೆಯಬೇಕು?

ಕಳೆದ ಸಂಚಿಕೆಯಲ್ಲಿ ಖಿನ್ನತೆ ಬಗ್ಗೆ ಬಂದ ಲೇಖನ ಓದಿ ಓದುಗಿಯೊಬ್ಬರು ಎರಡು ಹಾಳೆಯ ಪತ್ರ ಬರೆದಿದ್ದಾರೆ. ಸಾರ ಇಷ್ಟು: "ನನ್ನ ತಮ್ಮನಿಗೆ ಎರಡು ವರ್ಷದಿಂದ ಖಿನ್ನತೆಗೆ ಔಷಧಿ ನಡೆಯುತ್ತಿದೆ. ಸ್ವಲ್ಪ ದಿನ ಚೆನ್ನಾಗಿರುತ್ತಾನೆ, ಮತ್ತೆ ಕುಸಿಯುತ್ತಾನೆ. ನಿಮ್ಮ ಲೇಖನದಲ್ಲಿ ರೋಗಿಯ ಸ್ವಭಾವ, ಹುಟ್ಟುಗುಣ ಅಂತೆಲ್ಲ ಬಂದಿದೆ. ಇದು ರೋಗಿಯನ್ನೇ ದೂರಿದ ಹಾಗಲ್ಲವೇ? ರೋಗವನ್ನು ಡಾಕ್ಟರು ನೋಡಿಕೊಳ್ಳಲಿ, ಸ್ವಭಾವವನ್ನು ಮನೆಯವರು ನಾವು ನೋಡಿಕೊಳ್ಳುತ್ತೇವೆ. ಎರಡನ್ನೂ ಬೆರೆಸಬೇಡಿ." ಕೊನೆಗೆ ಒಂದು ಸಾಲು: "ಎರಡನೇ ಹಾಳೆಯಲ್ಲಿ ಬರೀ ಮನೆಯ ಸಂಗತಿ ಇದೆ, ಜಾಗ ಸಾಲದಿದ್ದರೆ ತೆಗೆದುಬಿಡಿ."

ಮೇಡಂ, ಮೊದಲು ನಿಮ್ಮ ಮಾತಿಗೆ ಸಲ್ಲಬೇಕಾದ್ದನ್ನು ಸಲ್ಲಿಸಿಬಿಡುತ್ತೇನೆ. "ಅವನ ಸ್ವಭಾವವೇ ಹಾಗೆ ಬಿಡಿ" ಅನ್ನುವ ಮಾತು ಎಷ್ಟೋ ಜನರನ್ನು ವರ್ಷಗಟ್ಟಲೆ ಚಿಕಿತ್ಸೆಯಿಂದ ದೂರ ಇಟ್ಟಿದೆ. ಸೋಮಾರಿ, ಹಟಮಾರಿ, ಮೂಡಿ. ಇಂಥ ಹೆಸರು ಹೊತ್ತುಕೊಂಡೇ ಓಡಾಡಿದವರು ಕಡಿಮೆಯೇನಲ್ಲ. ಲಕ್ಷಣಗಳ ಪಟ್ಟಿ ಇಟ್ಟುಕೊಂಡು ಎಣಿಸುವ ಪದ್ಧತಿಗೂ ಅದರದೇ ನ್ಯಾಯ ಇದೆ. ಹಿಂದೆ ಅಮೆರಿಕದ ಮತ್ತು ಬ್ರಿಟನ್ನಿನ ಮನೋವೈದ್ಯರಿಗೆ ಒಂದೇ ರೋಗಿಗಳ ಚಿತ್ರೀಕರಣ ತೋರಿಸಿ ನೋಡಿದಾಗ, ಅಮೆರಿಕದವರು ಸ್ಕಿಜೋಫ್ರೇನಿಯಾ (ಇಲ್ಲದ ದನಿ ಕೇಳಿಸುವ, ಇಲ್ಲದ್ದನ್ನು ನಂಬಿಸುವ ಕಾಯಿಲೆ) ಅಂದ ಕಡೆ ಬ್ರಿಟನ್ನಿನವರು ಎಷ್ಟೋ ಸಲ ಬೇರೆಯೇ ಹೆಸರು ಹೇಳಿದ್ದರು. ಆ ಗೊಂದಲಕ್ಕೆ ಕಡಿವಾಣ ಹಾಕಲು 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ತನ್ನ ಕೈಪಿಡಿಯ ಮೂರನೇ ಆವೃತ್ತಿಯನ್ನು, ಅಂದರೆ ಡಿಎಸ್‌ಎಂ-3 ಅನ್ನು, ಪಟ್ಟಿಗಳ ಸಮೇತ ತಂದಿತು. ಒಳ್ಳೆಯದೇ ಆಯಿತು. ಒಪ್ಪಿದೆ.

ಈಗ ಜಗಳಕ್ಕೆ ಬರೋಣ.

ರೋಗ ಡಾಕ್ಟರಿಗೆ, ಸ್ವಭಾವ ಮನೆಯವರಿಗೆ ಅಂತ ನೀವು ಮಾಡಿದ ಈ ಪಾಲುಪಟ್ಟಿ ಇದೆಯಲ್ಲ, ಅದು ನನಗೆ ಜೀರ್ಣ ಆಗುವುದೇ ಇಲ್ಲ. ಯಾಕೆಂದರೆ ಈ ರೋಗವನ್ನು ಮೊದಲು ಗೆರೆ ಎಳೆದು ಗುರುತಿಸಿದವರೇ ಹಾಗೆ ಪಾಲು ಮಾಡಿರಲಿಲ್ಲ. ಜರ್ಮನಿಯ ಮನೋವೈದ್ಯ ಎಮಿಲ್ ಕ್ರೆಪೆಲಿನ್ 1899ರ ಪಠ್ಯಪುಸ್ತಕದಲ್ಲಿ ಉನ್ಮಾದ (ಅಂದರೆ ಮಿತಿಮೀರಿದ ಹಾರಾಟ) ಮತ್ತು ಖಿನ್ನತೆಯ ರೋಗವನ್ನು ಮುಂದೆ ಸ್ಕಿಜೋಫ್ರೇನಿಯಾ ಅನಿಸಿಕೊಂಡ ರೋಗದಿಂದ ಬೇರೆ ಮಾಡಿ ಇಟ್ಟ. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಹೇಳದೆ ಬಿಡುವ ಭಾಗ ಇನ್ನೊಂದಿದೆ. ಮುಂದೆ ಎಂಟನೇ ಆವೃತ್ತಿಯಲ್ಲಿ ಆತ ನಾಲ್ಕು "ಮೂಲಸ್ಥಿತಿ"ಗಳ ಬಗ್ಗೆ ಬರೆದ: ಸದಾ ಮಂಕು, ಸದಾ ಉತ್ಸಾಹ, ಸದಾ ಸಿಡುಕು, ಮತ್ತೆ ಏರಿಳಿತ. ಇವು ರೋಗ ಬರುವ ಮೊದಲೂ ಇರುತ್ತವೆ, ಒಂದು ಸಲ ಬಂದು ಹೋಗಿ ಇನ್ನೊಂದು ಸಲ ಬರುವ ನಡುವೆಯೂ ಇರುತ್ತವೆ, ಯಾವತ್ತೂ ಕಾಯಿಲೆ ಬೀಳದ ಅಣ್ಣತಮ್ಮಂದಿರಲ್ಲೂ ಕಾಣುತ್ತವೆ ಅಂದ. ಅಂದರೆ ಕಾಯಿಲೆ ಆಕಾಶದಿಂದ ಬೀಳುವುದಲ್ಲ. ಅದಕ್ಕೊಂದು ನೆಲ ಇದೆ.

"ಹುಟ್ಟುಗುಣ ಸುಟ್ಟರೂ ಹೋಗದು" ಅನ್ನುವ ಗಾದೆಯನ್ನು ನಾವು ಬೈಯೋಕೆ ಬಳಸುತ್ತೇವೆ. ನೀವು ಸಿಟ್ಟಾಗಿದ್ದೂ ಅದಕ್ಕೇ ಅಲ್ವಾ? ಬೈಗುಳ ತೆಗೆದು ಗಾದೆಯನ್ನು ಒಮ್ಮೆ ಓದಿ ನೋಡಿ. ಉಳಿಯುವುದು ಕ್ರೆಪೆಲಿನ್ ಕಂಡ ಸಂಗತಿಯೇ. ಇನ್ನೂ ಹಿಂದೆ ಗ್ರೀಕರ ಕಾಲಕ್ಕೆ ಹೋದರೆ ಮೆಲಾಂಕೊಲಿಯಾ ಅನ್ನುವ ಪದದ ಅರ್ಥವೇ ಕಪ್ಪು ಪಿತ್ತ. ಮೈಯಲ್ಲಿ ಯಾವ ರಸ ಜಾಸ್ತಿಯೋ ಸ್ವಭಾವವೂ ಹಾಗೆ, ಬರುವ ರೋಗವೂ ಹಾಗೆ ಅಂತ ಅವರ ಲೆಕ್ಕ. ರಸದ ಕಥೆ ಸುಳ್ಳಾಯಿತು. ನಾವಂತೂ ಇವತ್ತಿಗೂ ಪಿತ್ತ ನೆತ್ತಿಗೇರಿತು ಅನ್ನುತ್ತೇವೆ, ಇರಲಿ. ಸ್ವಭಾವಕ್ಕೂ ರೋಗಕ್ಕೂ ನಂಟಿದೆ ಅನ್ನುವ ಊಹೆ ಮಾತ್ರ ಸುಳ್ಳಾಗಲಿಲ್ಲ.

ಅದನ್ನು ನಮ್ಮ ಕಾಲದಲ್ಲಿ ಮತ್ತೆ ಎತ್ತಿಕೊಂಡವರು ಮನೋವೈದ್ಯ ಹಾಗೋಪ್ ಅಕಿಸ್ಕಲ್. ಬೈರೂತ್‌ನಲ್ಲಿ ಹುಟ್ಟಿದ ಅರ್ಮೇನಿಯನ್, ಕೆಲಸ ಮಾಡಿದ್ದು ಅಮೆರಿಕದಲ್ಲಿ, 2021ರಲ್ಲಿ ತೀರಿಕೊಂಡರು. ನನಗೆ ಇವರ ಮೇಲೆ ಸ್ವಲ್ಪ ಪ್ರೀತಿ ಜಾಸ್ತಿ, ಮೊದಲೇ ಹೇಳಿಬಿಡುತ್ತೇನೆ. 1977ರಲ್ಲಿ ಇವರ ತಂಡ ಸೈಕ್ಲೋಥೈಮಿಯಾ, ಅಂದರೆ ಏರಿಳಿತದ ಸ್ವಭಾವ ಇರುವವರ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿತು. ಎರಡು ದಿನ ಹಾರಾಟ, ನಾಲ್ಕು ದಿನ ಮಂಕು, ಮತ್ತೆ ಹಾರಾಟ. ಹಿಂದೆಲ್ಲ ಇಂಥವರಿಗೆ "ವ್ಯಕ್ತಿತ್ವವೇ ಸರಿ ಇಲ್ಲ" ಅನ್ನುವ ಚೀಟಿ ಅಂಟಿಸಿ ಕೈತೊಳೆದುಕೊಳ್ಳುತ್ತಿದ್ದರು. ಇವರು ಬಿಡದೆ ಹಿಂಬಾಲಿಸಿದರು. ಅವರಲ್ಲಿ ಸಾಕಷ್ಟು ಜನ ಮುಂದೆ ಪೂರ್ತಿ ಖಿನ್ನತೆಗೋ ಉನ್ಮಾದಕ್ಕೋ ಜಾರಿದರು. ಅವರ ಮನೆತನದ ಕಾಯಿಲೆಯ ಚರಿತ್ರೆಯೂ ಬೈಪೋಲಾರ್, ಅಂದರೆ ಒಮ್ಮೆ ಉನ್ಮಾದ ಒಮ್ಮೆ ಖಿನ್ನತೆ ಬರುವ ರೋಗಿಗಳದ್ದನ್ನೇ ಹೋಲುತ್ತಿತ್ತು. ಖಿನ್ನತೆಯ ಮಾತ್ರೆ ಕೊಟ್ಟಾಗ ಕೆಲವರು ಮೇಲಕ್ಕೆ ಹಾರಿಬಿಟ್ಟರು.

ಮುಂದೆ ಅಕಿಸ್ಕಲ್ ಮತ್ತು ಜೊತೆಗಾರರು ಸ್ವಭಾವ ಅಳೆಯಲು ಟೆಂಪ್ಸ್-ಎ ಅನ್ನುವ ಪ್ರಶ್ನಾವಳಿ ಮಾಡಿದರು. ಕ್ರೆಪೆಲಿನ್‌ನ ನಾಲ್ಕರ ಜೊತೆಗೆ ಆತಂಕದ ಸ್ವಭಾವವೂ ಸೇರಿ ಐದಾಯಿತು. ಸುಮಾರು 110 ಪ್ರಶ್ನೆ. ಪಟ್ಟಿಯನ್ನು ಬೈಯುತ್ತ ಇನ್ನೊಂದು ಪಟ್ಟಿಯನ್ನು ಹೊಗಳುತ್ತಿದ್ದೀರಲ್ಲ ಅಂತ ನೀವು ಕೇಳಬಹುದು. ಕೇಳಿ. ಆದರೆ ಈ ಪಟ್ಟಿ ಕೇಳುವುದು ಕಳೆದ ಎರಡು ವಾರದ ಕಥೆಯನ್ನಲ್ಲ, ಬದುಕಿನ ಬಹುಪಾಲು ಹೇಗಿದ್ದೀರಿ ಅಂತ.

ಆ ಎರಡು ವಾರದ ವಿಷಯಕ್ಕೇ ನನ್ನ ಹೊಟ್ಟೆ ಉರಿಯುವುದು. ಅಮೆರಿಕದ ಕೈಪಿಡಿಯ ಈಗಿನ ಪಟ್ಟಿಯ ಪ್ರಕಾರ ಒಂಬತ್ತು ಲಕ್ಷಣದಲ್ಲಿ ಐದು, ಎರಡು ವಾರ ಇದ್ದರೆ ಖಿನ್ನತೆ. ನಿಯಮ ಸರಿಯೇ ಇರಬಹುದು. ಅದನ್ನು ಬಳಸುವ ರೀತಿ ನೋಡಿ. ನನ್ನ ಗೆಳೆಯನೊಬ್ಬನಿದ್ದಾನೆ, ಹಿಂದೆ ನಮ್ಮಲ್ಲೇ ಕರಡು ತಿದ್ದುತ್ತಿದ್ದ. ರಾತ್ರಿ ನಾಲ್ಕು ಗಂಟೆ ನಿದ್ದೆ ಸಾಕು ಅವನಿಗೆ. ಮೂರು ಜನರ ಕೆಲಸ ಒಬ್ಬನೇ ಮಾಡುತ್ತಿದ್ದ, ಕೈಯಲ್ಲಿ ಕಾಸಿಲ್ಲದಿದ್ದರೂ ಹೊಸ ವ್ಯವಹಾರ ಶುರು ಮಾಡುತ್ತಿದ್ದ, ಎಲ್ಲರನ್ನೂ ನಗಿಸುತ್ತಿದ್ದ. ಒಂದು ವರ್ಷ ಹಾಸಿಗೆ ಹಿಡಿದ. ಡಾಕ್ಟರೊಬ್ಬರು ಒಂದು ಫಾರ್ಮ್ ತುಂಬಿಸಿಕೊಂಡು, ಹತ್ತು ನಿಮಿಷದಲ್ಲಿ ಖಿನ್ನತೆ ಅಂತ ಬರೆದು ಮಾತ್ರೆ ಕೊಟ್ಟು ಕಳಿಸಿದರು. ಮೂರೇ ವಾರ. ಮನುಷ್ಯ ಎದ್ದ, ಎದ್ದವನು ನಿಲ್ಲಲೇ ಇಲ್ಲ. ನಿದ್ದೆ ಹೋಯಿತು, ಸಾಲ ಮಾಡಿದ, ಕಂಡಕಂಡವರ ಮೇಲೆ ರೇಗಿದ. ಆಮೇಲೆ ನೋಡಿದ ಹಿರಿಯ ಡಾಕ್ಟರೊಬ್ಬರು ಅವನನ್ನು ಹೊರಗೆ ಕೂರಿಸಿ ಅವನ ಅಕ್ಕನನ್ನು ಒಳಗೆ ಕರೆದರು. ಕೇಳಿದ ಮೊದಲ ಪ್ರಶ್ನೆ: "ಇವರಿಗೆ ಇಪ್ಪತ್ತು ವರ್ಷ ಆಗಿದ್ದಾಗ ರಾತ್ರಿ ಎಷ್ಟು ಗಂಟೆಗೆ ಮಲಗುತ್ತಿದ್ದರು?"

ಆ ಅಕ್ಕ ಒಂದು ಗಂಟೆ ಮಾತಾಡಿದರಂತೆ.

ಇದರಲ್ಲಿ ಪವಾಡ ಏನೂ ಇಲ್ಲ. ಬೈಪೋಲಾರ್ ಇರುವವರಿಗೆ ಬರೀ ಖಿನ್ನತೆಯ ಮಾತ್ರೆ ಕೊಟ್ಟರೆ ಕೆಲವರು ಉನ್ಮಾದಕ್ಕೆ ಹೊರಳಬಹುದು ಅನ್ನುವುದು ಮನೋವೈದ್ಯರೆಲ್ಲರಿಗೂ ಗೊತ್ತು. ತೊಂದರೆ ಬೇರೆ ಕಡೆ ಇದೆ. ಮೇಲೇರಿದ ದಿನಗಳಲ್ಲಿ ಯಾರೂ ಡಾಕ್ಟರ ಹತ್ತಿರ ಹೋಗುವುದಿಲ್ಲ. ಯಾಕೆ ಹೋಗಬೇಕು? ಆಗ ಅವರಿಗೆ ಜೀವನದಲ್ಲೇ ಇಷ್ಟು ಚೆನ್ನಾಗಿ ಇದ್ದದ್ದಿಲ್ಲ ಅನಿಸುತ್ತಿರುತ್ತದೆ. ಹೋಗುವುದು ಬಿದ್ದಾಗ. ಬಿದ್ದವನಿಗೆ ಹಾರಿದ್ದು ನೆನಪಿರುವುದಿಲ್ಲ, ನೆನಪಿದ್ದರೂ ಅದೇ ತನ್ನ ನಿಜವಾದ ರೂಪ ಅಂದುಕೊಂಡಿರುತ್ತಾನೆ. ಆ ಕೈಪಿಡಿಯ ಪ್ರಕಾರ ನಾಲ್ಕು ದಿನದ ಲಘು ಉನ್ಮಾದ ಇದ್ದರೂ ಅದು ಲೆಕ್ಕಕ್ಕೆ ಬರುತ್ತದೆ. ಹತ್ತು ವರ್ಷದ ಹಿಂದಿನ ಆ ನಾಲ್ಕು ದಿನವನ್ನು ನೆನಪಿಟ್ಟುಕೊಂಡವರು ಯಾರು? ನಿಮ್ಮಂಥ ಅಕ್ಕಂದಿರು. ಆದರೆ ನೀವೇ "ಬೆರೆಸಬೇಡಿ" ಅಂದುಬಿಟ್ಟಿರಿ.

ದೂರಿನ ಮಾತಿಗೆ ಬರುತ್ತೇನೆ. ಸ್ವಭಾವ ಹೇಳಿದರೆ ತಪ್ಪು ಹೊರಿಸಿದ ಹಾಗಲ್ಲ. ಸದಾ ಉತ್ಸಾಹದ ಸ್ವಭಾವ ಇರುವವರಲ್ಲಿ ಎಷ್ಟೋ ಜನ ಜೀವನಪೂರ್ತಿ ಆರೋಗ್ಯವಾಗಿರುತ್ತಾರೆ, ಹತ್ತು ಜನಕ್ಕೆ ಕೆಲಸ ಕೊಡುತ್ತಾರೆ. ಅವಳಿ ಮಕ್ಕಳ ಅಧ್ಯಯನಗಳ ಲೆಕ್ಕದಲ್ಲಿ ಬೈಪೋಲಾರ್ ಬರುವುದರಲ್ಲಿ ವಂಶದ ಪಾಲು ಸುಮಾರು 60ರಿಂದ 85 ಶೇಕಡ. ಕಣ್ಣಿನ ಬಣ್ಣಕ್ಕೆ ಯಾರಾದರೂ ಯಾರನ್ನಾದರೂ ದೂರುತ್ತಾರಾ?

ಹಾಗಂತ ಇನ್ನೊಂದು ಅತಿಗೂ ಹೋಗಬೇಡಿ. ಈಗ ಫೋನ್ ತೆಗೆದರೆ ಸಾಕು, ಹತ್ತು ಪ್ರಶ್ನೆಗೆ ಉತ್ತರ ಕೊಟ್ಟು "ನಾನು ಬೈಪೋಲಾರ್" ಅಂತ ಹೆಮ್ಮೆಯಿಂದ ಹಾಕಿಕೊಳ್ಳುವವರು ಸಿಗುತ್ತಾರೆ. ಪ್ರತಿಭೆ ಇರುವವರಿಗೆಲ್ಲ ಇದು ಇದ್ದೇ ಇರುತ್ತದೆ ಅನ್ನುವುದು ಅವರ ವಾದ. 1987ರಲ್ಲಿ ಅಮೆರಿಕದ ಮನೋವೈದ್ಯೆ ನ್ಯಾನ್ಸಿ ಆಂಡ್ರೀಸನ್ ಪ್ರಕಟಿಸಿದ ಅಧ್ಯಯನದಲ್ಲಿ 30 ಲೇಖಕರ ಪೈಕಿ 80 ಶೇಕಡ ಜನರಿಗೆ ಖಿನ್ನತೆ, ಉನ್ಮಾದದಂಥ ಯಾವುದಾದರೂ ಮೂಡ್ ಡಿಸಾರ್ಡರ್ ಬಂದು ಹೋಗಿತ್ತು, ಹೋಲಿಕೆಗೆ ಇಟ್ಟುಕೊಂಡ ಬೇರೆಯವರಲ್ಲಿ 30 ಶೇಕಡ. ನನ್ನ ಪತ್ರಿಕೆಗೆ ಬರೆಯುವವರನ್ನು ನೋಡಿದರೆ ನಂಬೋಣ ಅನಿಸುತ್ತದೆ! ಆದರೆ ಮೂವತ್ತು ಜನ ಏನೇನೂ ಸಾಲದು, ಸಂದರ್ಶನ ಮಾಡಿದ ಆಕೆಗೆ ಯಾರು ಲೇಖಕರು ಅನ್ನುವುದು ಗೊತ್ತೂ ಇತ್ತು.

ಇಷ್ಟೆಲ್ಲ ಇದ್ದೂ ಸ್ವಭಾವದ ಸಂಶೋಧನೆ ಯಾಕೆ ಮೂಲೆಗೆ ಬಿದ್ದಿದೆ? ನನ್ನ ಪ್ರಕಾರ ಅದರಲ್ಲಿ ಮಾರುವಂಥದ್ದು ಏನೂ ಇಲ್ಲ. ಬೈಪೋಲಾರ್‌ಗೆ ಕೊಡುವ ಲಿಥಿಯಂ ಅನ್ನುವ ಔಷಧಿಯ ಕಥೆಯೂ ಹಾಗೇ. 1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಉನ್ಮಾದದ ಹತ್ತು ರೋಗಿಗಳಿಗೆ ಅದನ್ನು ಕೊಟ್ಟು ನೋಡಿದ, ಅದಕ್ಕೂ ಮೊದಲು ತಾನೇ ನುಂಗಿ ನೋಡಿದ್ದ. ಡೆನ್ಮಾರ್ಕಿನ ಮೊಗೆನ್ಸ್ ಷೌ ಬೆನ್ನು ಬಿಡದೆ ಪರೀಕ್ಷೆ ಮಾಡಿದ. ಅಮೆರಿಕದಲ್ಲಿ ಅನುಮತಿ ಸಿಗುವ ಹೊತ್ತಿಗೆ 1970. ರಕ್ತ, ಥೈರಾಯಿಡ್, ಕಿಡ್ನಿ ಎಲ್ಲ ಆಗಾಗ ನೋಡಿಸುತ್ತಿರಬೇಕು, ಸುಲಭದ ಔಷಧಿಯಲ್ಲ, ನಿಜ. ಆದರೆ ಅದು ಮಣ್ಣಲ್ಲಿ ಸಿಗುವ ಲವಣ. ಪೇಟೆಂಟ್ ಇಲ್ಲದ್ದಕ್ಕೆ ಡಂಗುರ ಸಾರುವವರು ಯಾರು? ಜೀನ್ ಹುಡುಕುವವರ ಕಡೆ ತಿರುಗಿದರೆ ಅಲ್ಲಿ ಲಕ್ಷಾಂತರ ಜನರ ಡಿಎನ್‌ಎ ಇದೆ. ಅಂಥ ಕೆಲವು ಸಂಗ್ರಹಗಳಲ್ಲಿ ಆ ಜನರ ಮನಸ್ಸಿನ ಬಗ್ಗೆ ಇರುವ ಮಾಹಿತಿ ಎಷ್ಟು? "ಖಿನ್ನತೆ ಇದೆ ಅಂತ ಡಾಕ್ಟರು ಯಾವಾಗಲಾದರೂ ಹೇಳಿದ್ದರಾ" ಅನ್ನುವಂಥ ಒಂದೋ ಎರಡೋ ಪ್ರಶ್ನೆಗೆ ಬಂದ ಉತ್ತರ. ರಕ್ತ ತೆಗೆದುಕೊಳ್ಳಲು ಪುರುಸೊತ್ತಿದೆ, ಕಥೆ ಕೇಳಲು ಇಲ್ಲ. ನಮ್ಮ ಪತ್ರಿಕೆಗೂ ಹಿಂದೆ ಆರು ಪುಟದ ಪತ್ರಗಳು ಬರುತ್ತಿದ್ದವು, ಈಗ ಬರುವುದು "ಲೇಖನ ಸೂಪರ್ ಸರ್".

ಅದಕ್ಕೇ ನಿಮ್ಮ ಎರಡು ಹಾಳೆ ಕೈಗೆ ಬಂದಾಗ ಖುಷಿಯಾಯಿತು. ನಿಮ್ಮ ತಮ್ಮನಿಗೆ ಏನಾಗಿದೆ ಅಂತ ನಾನು ಹೇಳಲಾರೆ, ಹೇಳಬಾರದು ಕೂಡ. ಈ ಉತ್ತರ ಓದಿ ಮಾತ್ರೆ ನಿಲ್ಲಿಸುವ ಕೆಲಸವಂತೂ ಖಂಡಿತ ಬೇಡ. ಆದರೆ ಎರಡನೇ ಹಾಳೆಯಲ್ಲಿ ನೀವು ಬರೆದ ಸಂಗತಿಗಳನ್ನು, ಅಂದರೆ ಹದಿನೇಳನೇ ವಯಸ್ಸಿನಲ್ಲಿ ಅವನು ಒಂದು ವಾರ ನಿದ್ದೆಯಿಲ್ಲದೆ ರೇಡಿಯೊ ಬಿಚ್ಚಿ ಜೋಡಿಸುತ್ತ ಕೂತಿದ್ದು, ಆಮೇಲೆ ತಿಂಗಳುಗಟ್ಟಲೆ ಕೋಣೆಯಿಂದ ಹೊರಗೆ ಬರದಿದ್ದದ್ದು, ನಿಮ್ಮ ಚಿಕ್ಕಪ್ಪನೂ ಹಾಗೇ ಇದ್ದರು ಅನ್ನುವುದು, ಇದನ್ನೆಲ್ಲ ಈ ಎರಡು ವರ್ಷದಲ್ಲಿ ಯಾವ ಡಾಕ್ಟರಾದರೂ ಕೇಳಿದ್ದಾರಾ? ನೀವಾಗಿ ಹೇಳಿದ್ದೀರಾ?

ಆ ಹಾಳೆಯನ್ನು ಇಲ್ಲಿ ಅಚ್ಚು ಹಾಕುತ್ತಿಲ್ಲ. ಜಾಗ ಸಾಲದೆ ಅಲ್ಲ, ಅದು ಸೇರಬೇಕಾದ ಜಾಗ ಇದಲ್ಲ. ನಾಳೆಯ ಅಂಚೆಯಲ್ಲಿ ನಿಮಗೇ ವಾಪಸ್ ಕಳಿಸುತ್ತಿದ್ದೇನೆ. ಮುಂದಿನ ಸಲ ತಮ್ಮನ ಜೊತೆ ನೀವೂ ಹೋಗಿ, ಅವನನ್ನು ಒಂದು ಮಾತು ಕೇಳಿ, ಡಾಕ್ಟರ ಮೇಜಿನ ಮೇಲೆ ಅದನ್ನಿಡಿ.