ಅನಿಲದಿಂದ ಕೃತಕ ಇಂಧನ: ವೇಗವರ್ಧಕದ ಕಣ ಎಷ್ಟು ಚಿಕ್ಕದಿರಬೇಕು?

ಅನಿಲದಿಂದ ಕೃತಕ ಇಂಧನ ತಯಾರಿಸುವಾಗ, ವೇಗವರ್ಧಕದ (ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸುವ ವಸ್ತುವಿನ) ಕಣ ಚಿಕ್ಕದಾದಷ್ಟೂ ಇಂಧನ ಹೆಚ್ಚು ಸಿಗಬೇಕಲ್ಲವೇ ಎಂದು ಕೇಳಿದ್ದೀರಿ. ಒಂದು ಮಿತಿಯವರೆಗೆ ಮಾತ್ರ ಅದು ನಿಜ. ಇಲ್ಲಿ ವೇಗವರ್ಧಕವಾಗಿ ಬಳಸುವ ಕೋಬಾಲ್ಟ್ ಲೋಹಕ್ಕೆ ಆ ಮಿತಿ ಸುಮಾರು 6ರಿಂದ 8 ನ್ಯಾನೋಮೀಟರ್ (ಒಂದು ನ್ಯಾನೋಮೀಟರ್ ಎಂದರೆ ಮಿಲಿಮೀಟರ್‌ನ ಹತ್ತು ಲಕ್ಷದ ಒಂದು ಭಾಗ).

ಜರ್ಮನಿಯ ರಸಾಯನಶಾಸ್ತ್ರಜ್ಞರಾದ ಫಿಷರ್ ಮತ್ತು ಟ್ರಾಪ್ಷ್ 1920ರ ದಶಕದಲ್ಲಿ ರೂಪಿಸಿದ ಈ ವಿಧಾನದಲ್ಲಿ, ಕಾರ್ಬನ್ ಮಾನಾಕ್ಸೈಡ್ ಮತ್ತು ಹೈಡ್ರೋಜನ್ ಲೋಹದ ಮೇಲ್ಮೈಯಲ್ಲಿ ವರ್ತಿಸಿ, ಇಂಗಾಲದ ಪರಮಾಣುಗಳು ಒಂದಕ್ಕೊಂದು ಹೆಣೆದುಕೊಂಡು ಡೀಸೆಲ್‌ನಂತಹ ಉದ್ದ ಸರಪಳಿಗಳಾಗುತ್ತವೆ. ಬೆಲ್ಲದ ಅಚ್ಚನ್ನು ಕುಟ್ಟಿ ಹಾಕಿದರೆ ಬೇಗ ಕರಗುವಂತೆ, ಅಷ್ಟೇ ಲೋಹವನ್ನು ಚಿಕ್ಕ ಕಣಗಳಾಗಿಸಿದರೆ ಅನಿಲಕ್ಕೆ ಸಿಗುವ ಮೇಲ್ಮೈ ಹೆಚ್ಚುತ್ತದೆ; ದುಬಾರಿ ಕೋಬಾಲ್ಟ್ ಕಣದ ಒಡಲಲ್ಲಿ ವ್ಯರ್ಥವಾಗಿ ಹೂತಿರುವುದಿಲ್ಲ.

ಆದರೆ ಬೆಲ್ಲದ ಹೋಲಿಕೆ ಅಲ್ಲಿಗೇ ನಿಲ್ಲುತ್ತದೆ. ಮಿತಿಗಿಂತ ಚಿಕ್ಕ ಕಣದಲ್ಲಿ ಅಂಚು ಮತ್ತು ಮೂಲೆಯ ಪರಮಾಣುಗಳ ಪಾಲು ಹೆಚ್ಚುತ್ತದೆ. ಅಲ್ಲಿ ಕಾರ್ಬನ್ ಮಾನಾಕ್ಸೈಡ್ ಬಿಡಿಸಲಾಗದಷ್ಟು ಬಿಗಿಯಾಗಿ ಅಂಟಿ ಜಾಗವನ್ನು ಕಟ್ಟಿಹಾಕುವುದರಿಂದ ಪ್ರತಿ ಪರಮಾಣುವಿನ ಕೆಲಸ ಕುಗ್ಗುತ್ತದೆ. ಮೇಲಾಗಿ, ಮೇಲ್ಮೈಯನ್ನು ಹೈಡ್ರೋಜನ್ ಹೆಚ್ಚಾಗಿ ಆವರಿಸುವುದರಿಂದ ಸರಪಳಿ ಬೆಳೆಯುವ ಮೊದಲೇ ಇಂಗಾಲವು ಮೀಥೇನ್ ಆಗಿಬಿಡುತ್ತದೆ. ಬೆಂಗಳೂರಿನ ಅಡುಗೆಮನೆಗಳಿಗೆ ಕೊಳವೆಯಲ್ಲಿ ಬರುವ ನೈಸರ್ಗಿಕ ಅನಿಲದ ಮುಖ್ಯಾಂಶವೂ ಈ ಮೀಥೇನೇ. ಅಂಥ ಅನಿಲದಿಂದಲೇ ಕಾರ್ಬನ್ ಮಾನಾಕ್ಸೈಡ್ ಮತ್ತು ಹೈಡ್ರೋಜನ್ ತಯಾರಿಸಿಕೊಂಡು ಹೊರಟವರಿಗೆ ಪುನಃ ಅದೇ ದೊರೆಯುವುದು ನಿಜವಾದ ನಷ್ಟ.