ನೋಡ್ ನಿಂತರೂ ಏಜೆಂಟ್‌ಗೆ ಗೊತ್ತಾಗದಿದ್ದರೆ
ಬ್ಯಾಟರಿ ಮುಗಿದ ಸೆನ್ಸರ್ ನೋಡ್ (ಅಳತೆ ಕಳಿಸುವ ಪುಟ್ಟ ಸಾಧನ) ಇನ್ನೂ ಚಾಲೂ ಇದೆ ಎಂದುಕೊಂಡು ಏಜೆಂಟ್ (ನೋಡ್‌ಗಳಿಗೆ ಕೆಲಸ ಹಂಚುವ ಪ್ರೋಗ್ರಾಂ) ಅದಕ್ಕೇ ಕೆಲಸ ಹಂಚುತ್ತಿದೆ ಅಂದಿರಿ. ರೀಡಿಂಗ್‌ಗೆ ರಿಟೈನ್ ಫ್ಲ್ಯಾಗ್ ಹಾಕಿರಬೇಕು, ನೋಡಿ. ಹಾಕಿದ್ದರೆ ಎಂಕ್ಯೂಟಿಟಿ (MQTT) ಬ್ರೋಕರ್, ಅಂದರೆ ಸಂದೇಶಗಳನ್ನು ಪಡೆದು ಹಂಚುವ ಸರ್ವರ್, ಕೊನೆಯ ಸಂದೇಶವನ್ನು ಇಟ್ಟುಕೊಂಡು, ಏಜೆಂಟ್ ರೀಸ್ಟಾರ್ಟ್ ಆಗಿ ಸಬ್‌ಸ್ಕ್ರೈಬ್ ಮಾಡಿದಾಗಲೆಲ್ಲ ಅದನ್ನೇ ಕೊಡುತ್ತದೆ. ರೀಡಿಂಗ್‌ನಿಂದ ರಿಟೈನ್ ತೆಗೆಯಿರಿ, ಅಳೆದ ಸಮಯವನ್ನೂ ಜೊತೆಗೆ ಕಳಿಸಿ. ಈಗಾಗಲೇ ಕೂತಿರುವ ಹಳೆಯದನ್ನು ಅಳಿಸಲು ಅದೇ ಟಾಪಿಕ್‌ಗೆ (ಸಂದೇಶ ಹೋಗುವ ವಿಳಾಸದಂಥ ಹೆಸರು) ರಿಟೈನ್ ಸಹಿತ ಖಾಲಿ ಸಂದೇಶ ಕಳಿಸಬೇಕು.

ಸ್ಟೇಟಸ್‌ಗೆ ಬೇರೆ ಟಾಪಿಕ್ ಇರಲಿ. ನೋಡ್ ಕನೆಕ್ಟ್ ಆಗುವಾಗಲೇ ಆ ಟಾಪಿಕ್‌ಗೆ ‘ಆಫ್‌ಲೈನ್’ ಎಂಬ ವಿಲ್ ಸಂದೇಶ ಕೊಡಿ; ಸಂಪರ್ಕ ಹಠಾತ್ತನೆ ಕಡಿದರೆ ನೋಡ್ ಪರವಾಗಿ ಬ್ರೋಕರ್ ಹೊರಡಿಸುವ ಸಂದೇಶ ಇದು. ಕೀಪ್ ಅಲೈವ್ (ನೋಡ್ ಸುಮ್ಮನಿರಬಹುದಾದ ಗರಿಷ್ಠ ಅವಧಿ) 60 ಸೆಕೆಂಡ್ ಇದ್ದರೆ, ಅದರ ಒಂದೂವರೆ ಪಟ್ಟು, ಅಂದರೆ 90 ಸೆಕೆಂಡ್ ಮೌನದ ನಂತರ ಬ್ರೋಕರ್ ಅದನ್ನು ಹೊರಡಿಸುತ್ತದೆ.

ಡೀಪ್ ಸ್ಲೀಪ್ ನೋಡ್‌ಗಳಿಗೆ (ಬ್ಯಾಟರಿ ಉಳಿಸಲು ಮಲಗಿ ಆಗಾಗ ಮಾತ್ರ ಎದ್ದೇಳುವಂಥವು) ಮಾತ್ರ ಇದನ್ನು ನೆಚ್ಚಬೇಡಿ: ಸರಿಯಾಗಿ ಡಿಸ್‌ಕನೆಕ್ಟ್ ಆಗಿ ಮಲಗಿದರೆ ವಿಲ್ ಬರುವುದಿಲ್ಲ. ಅಲ್ಲಿ ಸತತ ಮೂರು ಸಲ ಎದ್ದೇಳುವ ಹೊತ್ತಿಗೆ ಸುದ್ದಿಯಿಲ್ಲದಿದ್ದರೆ ಏಜೆಂಟೇ ಅದನ್ನು ಪಟ್ಟಿಯಿಂದ ತೆಗೆಯಲಿ.