ಆಲ್ಟರ್ನೇಟರ್ ಹೋದರೆ ಹೊಸದು ಹಾಕಿಸಬೇಕಾ, ರೀಬಿಲ್ಟ್ ತಗೋಬೇಕಾ, ಇದ್ದದ್ದನ್ನೇ ರಿಪೇರಿ ಮಾಡಿಸಬೇಕಾ?

ನೀವು ಬರೆದದ್ದು ಇಷ್ಟು: ಕಾರವಾರದಲ್ಲಿ 2013ರ ಪೆಟ್ರೋಲ್ ಸ್ವಿಫ್ಟ್. ಓಡಿಸುವಾಗ ಬ್ಯಾಟರಿಯ ಕೆಂಪು ಲೈಟ್ ಆಗಾಗ ಹತ್ತುತ್ತದೆ. ಬ್ಯಾಟರಿ ಹೊಸದು. ಶೋರೂಂನವರು ಹೊಸ ಆಲ್ಟರ್ನೇಟರ್ (ಎಂಜಿನ್ ಓಡುವಾಗ ಕರೆಂಟ್ ತಯಾರಿಸಿ ಬ್ಯಾಟರಿ ತುಂಬಿಸುವ ಭಾಗ) ಹಾಕಿ ಅಂತಾರೆ, ಪೇಟೆಯ ಎಲೆಕ್ಟ್ರಿಷಿಯನ್ ರಿಪೇರಿ ಮಾಡಿಕೊಡ್ತೇನೆ ಅಂತಾರೆ, ಹುಬ್ಬಳ್ಳಿಯ ಅಂಗಡಿಯವರು ಹಳೆಯದನ್ನು ಕೊಟ್ಟರೆ ರೀಬಿಲ್ಟ್, ಅಂದರೆ ಬೇರೆ ಗಾಡಿಯ ಹಳೆಯದನ್ನು ಬಿಚ್ಚಿ ಸರಿ ಮಾಡಿದ್ದು, ಕೊಡ್ತೇವೆ ಅಂತಾರೆ. ಯಾವುದು ಒಳ್ಳೆಯದು ಅಂತ ನಿಮ್ಮ ಪ್ರಶ್ನೆ.

ನಾನು ಅಂಕೋಲಾದಲ್ಲಿ ಆಟೋ ಎಲೆಕ್ಟ್ರಿಕಲ್ ಕೆಲಸ ಮಾಡುವವನು. ರಿಪೇರಿಯಿಂದಲೇ ನನ್ನ ಅನ್ನ. ಹಾಗಾಗಿ ನಾನು ಹೇಳಿದ್ದನ್ನು ಸ್ವಲ್ಪ ತೂಗಿ ನೋಡಿ ತಗೊಳ್ಳಿ.

ಬಿಚ್ಚಿ ನೋಡದೆ ಈ ಮೂರರಲ್ಲಿ ಯಾವುದು ಸರಿ ಅಂತ ಯಾರಿಗೂ ಹೇಳಲು ಬರುವುದಿಲ್ಲ. ಫೋನಿನಲ್ಲೇ ಉತ್ತರ ಕೊಡುವವರು ನಿಮ್ಮ ಗಾಡಿಯ ಸ್ಥಿತಿ ಹೇಳುತ್ತಿಲ್ಲ, ತಮ್ಮ ಅಂಗಡಿಯಲ್ಲಿ ಏನಿದೆ ಅಂತ ಹೇಳುತ್ತಿದ್ದಾರೆ.

ಅದಕ್ಕೂ ಮೊದಲು, ಆಲ್ಟರ್ನೇಟರ್ ನಿಜವಾಗಿ ಹೋಗಿದೆಯಾ ನೋಡಿಸಿ. ಸಾದಾ ಮಲ್ಟಿಮೀಟರ್ ಸಾಕು. ರಾತ್ರಿಯಿಡೀ ನಿಂತ ಗಾಡಿಯ ಬ್ಯಾಟರಿಯಲ್ಲಿ 12.6 ವೋಲ್ಟ್ ಆಸುಪಾಸು ಇರಬೇಕು. ಎಂಜಿನ್ ಶುರುವಾದ ಮೇಲೆ ಅದು 13.8ರಿಂದ 14.5ರ ಒಳಗೆ ಬರಬೇಕು. ಹೆಡ್‌ಲೈಟ್, ಬ್ಲೋವರ್, ಎ.ಸಿ. ಎಲ್ಲ ಹಾಕಿ ಸ್ವಲ್ಪ ರೇಸ್ ಕೊಟ್ಟರೂ 13.5ರ ಹತ್ತಿರ ನಿಲ್ಲಬೇಕು. 15 ದಾಟಿದರೆ ವೋಲ್ಟೇಜನ್ನು ಹಿಡಿತದಲ್ಲಿಡುವ ರೆಗ್ಯುಲೇಟರ್ ಕೆಟ್ಟಿದೆ, ಹಾಗೇ ಬಿಟ್ಟರೆ ನಿಮ್ಮ ಹೊಸ ಬ್ಯಾಟರಿಯೂ ಕುದಿದು ಹೋಗುತ್ತದೆ.

ಚಾರ್ಜ್ ಕಡಿಮೆ ತೋರಿಸಿತು ಅಂದುಕೊಳ್ಳಿ. ಆಗಲೂ ಆಲ್ಟರ್ನೇಟರ್ ಮೇಲೆ ತಪ್ಪು ಹೊರಿಸಬೇಡಿ. ಮೀಟರಿನ ಒಂದು ತುದಿ ಬ್ಯಾಟರಿಯ ಪ್ಲಸ್‌ಗೆ, ಇನ್ನೊಂದು ಆಲ್ಟರ್ನೇಟರ್ ಹಿಂದಿನ ದಪ್ಪ ವೈರಿನ ಬೋಲ್ಟಿಗೆ ಹಿಡಿಯಿರಿ. ಎಂಜಿನ್ ಓಡುತ್ತಿರಲಿ, ಲೈಟ್ ಉರಿಯುತ್ತಿರಲಿ. ಅರ್ಧ ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ದೋಷ ವೈರಿನಲ್ಲಿ. ಹಾಗೆಯೇ ಬ್ಯಾಟರಿಯ ಮೈನಸ್ ಮತ್ತು ಆಲ್ಟರ್ನೇಟರ್ ಬಾಡಿ ನಡುವೆ 0.2 ವೋಲ್ಟ್ ಮೀರಿದರೆ ಅರ್ಥಿಂಗ್ ಸರಿ ಇಲ್ಲ. ಸಮುದ್ರದ ಬದಿಯ ಗಾಡಿಗಳಲ್ಲಿ ಈ ಅರ್ಥಿಂಗ್ ಕೇಬಲ್ಲೇ ಮೊದಲು ಸಾಯುವುದು. ಹೊರಗಿನಿಂದ ಕಪ್ಪು ಕವಚ ಚಂದವಾಗಿರುತ್ತದೆ, ತುದಿಯ ಲೋಹದ ಲಗ್ ಹತ್ತಿರ ಕತ್ತರಿಸಿದರೆ ತಾಮ್ರ ಹಸಿರು ಪುಡಿಯಾಗಿ ಉದುರುತ್ತದೆ. ಬೆಲ್ಟ್ ಸಡಿಲಿದ್ದರೂ ಇದೇ ಲಕ್ಷಣ, ಅದರಲ್ಲೂ ಮಳೆಯಲ್ಲಿ ಕೀರಲು ಸದ್ದು ಬಂದರೆ. ಶಿರಸಿ ಕಡೆಯ ಗಾಡಿಯಾದರೆ ಇಲಿ ವೈರ್ ಕಡಿದಿದೆಯಾ ಅಂತ ನಾನು ಮೊದಲು ನೋಡುತ್ತೇನೆ. ಅಡಿಕೆ ಅಟ್ಟದ ಕೆಳಗೆ ಕಾರು ನಿಲ್ಲಿಸಿದರೆ ಇನ್ನೇನಾಗುತ್ತದೆ ಹೇಳಿ.

ಇನ್ನೊಂದು ಮಾತು. ಎಂಜಿನ್ ಓಡುತ್ತಿರುವಾಗ ಬ್ಯಾಟರಿ ಟರ್ಮಿನಲ್ ಕಿತ್ತು, ‘ನೋಡಿ ಸರ್, ಗಾಡಿ ನಿಲ್ಲಲಿಲ್ಲ, ಡೈನಮೋ (ಆಲ್ಟರ್ನೇಟರಿಗೆ ಹಳೆಯ ಹೆಸರು) ಚಲೋ ಇದೆ’ ಅನ್ನುವವರು ಇನ್ನೂ ಇದ್ದಾರೆ. ಅಂಥವರ ಕೈಗೆ ಕೀ ಕೊಡಬೇಡಿ ಮಾರಾಯ್ರೇ. ಹಾಗೆ ಕಿತ್ತಾಗ ವೋಲ್ಟೇಜ್ ಒಮ್ಮೆಲೇ ಏರಿ ಆಲ್ಟರ್ನೇಟರ್ ಒಳಗಿನ ಡಯೋಡ್ ಹೋಗಬಹುದು, ಎಂಜಿನ್ ನಡೆಸುವ ಕಂಪ್ಯೂಟರ್, ಅಂದರೆ ಇಸಿಯು ಕೂಡ ಹೋಗಬಹುದು.

ಇಷ್ಟೆಲ್ಲ ನೋಡಿದ ಮೇಲೂ ಆಲ್ಟರ್ನೇಟರೇ ಕಳ್ಳ ಅಂತಾದರೆ ಇಳಿಸಿ, ನಿಮ್ಮ ಕಣ್ಣೆದುರೇ ಬಿಚ್ಚಿಸಿ. ಒಳಗಿರುವುದು ಬಹಳ ಏನಲ್ಲ: ತಿರುಗುವ ರೋಟರ್, ಸುತ್ತ ಕೂತ ಸ್ಟೇಟರ್, ಎರಡು ಬೇರಿಂಗ್, ರೋಟರಿಗೆ ಕರೆಂಟ್ ಮುಟ್ಟಿಸುವ ಕಾರ್ಬನ್ ಬ್ರಷ್, ರೆಗ್ಯುಲೇಟರ್, ಬಂದ ಕರೆಂಟನ್ನು ಬ್ಯಾಟರಿಗೆ ಬೇಕಾದ ಡಿ.ಸಿ. ಮಾಡುವ ಡಯೋಡ್ ಪ್ಲೇಟ್. ಬ್ರಷ್ ಸವೆದಿದ್ದರೆ, ಬೇರಿಂಗ್ ಗೊರಗೊರ ಅಂದರೆ, ರೆಗ್ಯುಲೇಟರ್ ಸತ್ತಿದ್ದರೆ ರಿಪೇರಿಯೇ ಸರಿ. ಇದಕ್ಕೆ ಹೊಸದು ಹಾಕಿಸುವುದು ಸುಮ್ನೆ ದುಡ್ಡು ಚೆಲ್ಲಿದ ಹಾಗೆ. ಬೇರಿಂಗ್ ಬದಲಿಸುವಾಗ ಎರಡನ್ನೂ ಬದಲಿಸಿ. 6303, 6203 ಹೀಗೆ ನಂಬರ್ ಅದರ ಮೇಲೇ ಇರುತ್ತದೆ. ಎಸ್‌ಕೆಎಫ್, ಎನ್‌ಬಿಸಿ ಅಂಥದ್ದೇ ಕೇಳಿ, ಡಬ್ಬಿ ನಿಮ್ಮ ಎದುರೇ ಒಡೆಯಲಿ. ಡಯೋಡ್ ಒಂದೇ ಹೋಗಿದ್ದರೂ ಪೂರ್ತಿ ಪ್ಲೇಟ್ ಬದಲಿಸುವುದು ನನ್ನ ಪದ್ಧತಿ. ಆರು ಮುಖ್ಯ ಡಯೋಡುಗಳಲ್ಲಿ ಒಂದು ಹೋದರೂ ಚಾರ್ಜ್ ಆಗುತ್ತಲೇ ಇರುತ್ತದೆ, ಆದರೆ ಕಡಿಮೆ. ಕೆಲವೊಮ್ಮೆ ಅದೇ ದಾರಿಯಲ್ಲಿ ರಾತ್ರಿ ಬ್ಯಾಟರಿ ಸೋರಿ ಬೆಳಗ್ಗೆ ಸೆಲ್ಫ್ ಹೊಡೆಯುವುದಿಲ್ಲ. ಒಂದಕ್ಕೆ ಬೆಸುಗೆ ಹಾಕಿ ಬಿಟ್ಟರೆ ಪಕ್ಕದ್ದು ಮುಂದಿನ ಮಳೆಗಾಲದಲ್ಲಿ ಹೋಗುತ್ತದೆ.

ರೋಟರ್ ನೋಡುವುದೂ ಸುಲಭ. ಬ್ರಷ್ ಉಜ್ಜುವ ಎರಡು ತಾಮ್ರದ ರಿಂಗುಗಳ ಮೇಲೆ ಉಗುರು ಎಳೆಯಿರಿ. ಉಗುರು ಸಿಕ್ಕಿಕೊಳ್ಳುವಷ್ಟು ಕೊರೆದಿದ್ದರೆ ಬರೀ ಬ್ರಷ್ ಹಾಕಿ ಪ್ರಯೋಜನವಿಲ್ಲ. ಎರಡು ರಿಂಗ್ ನಡುವೆ ಸಾಮಾನ್ಯವಾಗಿ 2ರಿಂದ 4 ಓಮ್ ಇರುತ್ತದೆ. ರಿಂಗಿಗೂ ಶಾಫ್ಟಿಗೂ ಮಾತ್ರ ಸಂಪರ್ಕ ಇರಲೇಬಾರದು.

ಈಗ ಸ್ಟೇಟರ್. ನಮ್ಮ ಕರಾವಳಿಯಲ್ಲಿ ತೀರ್ಪು ಆಗುವುದು ಇಲ್ಲೇ. ಬೈತಖೋಲ್ ಬಂದರಿನ ಹತ್ತಿರ ವರ್ಷಗಟ್ಟಲೆ ನಿಂತ ಗಾಡಿಯ ಆಲ್ಟರ್ನೇಟರ್ ಕೈಗೆ ತಗೊಂಡರೆ ಗೊತ್ತಾಗುತ್ತದೆ. ಅಲ್ಯೂಮಿನಿಯಂ ಬಾಡಿ ಮೇಲೆ ಬಿಳಿ ಪುಡಿ, ಮುಟ್ಟಿದರೆ ಬೆರಳಿಗೆ ಹತ್ತುತ್ತದೆ. ಬೋಲ್ಟ್ ಬಿಚ್ಚಲು ಹೋದರೆ ತಲೆಯೇ ಮುರಿದು ಬರುತ್ತದೆ. ಸ್ಟೇಟರ್ ಅಂದರೆ ತೆಳು ಕಬ್ಬಿಣದ ತಗಡುಗಳನ್ನು ಒಂದರ ಮೇಲೊಂದು ಜೋಡಿಸಿದ ಬಳೆ. ಆ ತಗಡುಗಳ ನಡುವೆ ಉಪ್ಪುಗಾಳಿ ಹೊಕ್ಕು ತುಕ್ಕು ಉಬ್ಬುತ್ತದೆ. ಉಬ್ಬಿದ್ದು ಒಳಗೆ ರೋಟರಿಗೆ ಸವರಲು ಶುರುವಾಗುತ್ತದೆ. ರೋಟರಿನ ಉಗುರಿನಂಥ ಕಬ್ಬಿಣದ ಹಲ್ಲುಗಳ ಮೇಲೆ ಹೊಳೆಯುವ ಗೀರು ಕಂಡರೆ ಅದೇ ಕತೆ. ಸ್ಟೇಟರ್ ವೈಂಡಿಂಗ್ (ಸುತ್ತಿದ ತಾಮ್ರದ ತಂತಿ) ಕಪ್ಪಾಗಿ ಸುಟ್ಟ ವಾಸನೆ ಬಂದರೂ ಅಷ್ಟೇ. ಇಂಥದ್ದನ್ನು ನಾನು ರಿಪೇರಿಗೆ ಒಪ್ಪಿಕೊಳ್ಳುವುದಿಲ್ಲ. ರಿವೈಂಡಿಂಗ್ ಮಾಡಿಕೊಡುವವರಿದ್ದಾರೆ, ಆದರೆ ವಾರ್ನಿಷ್ ಸರಿಯಾಗಿ ಇಳಿದು ಬೇಯದಿದ್ದರೆ ನಮ್ಮ ಹವೆಗೆ ಅದು ತಡೆಯುವುದಿಲ್ಲ. ಹೊಸದು ಹಾಕಿಸಿ.

ರೀಬಿಲ್ಟ್ ಬಗ್ಗೆ ನನಗೆ ಸ್ವಲ್ಪ ಸಿಟ್ಟಿದೆ, ಅದನ್ನು ಮುಚ್ಚಿಡುವುದಿಲ್ಲ. ನಿಜವಾದ ರೀಬಿಲ್ಟ್ ಅಂದರೆ ಪೂರ್ತಿ ಬಿಚ್ಚಿ, ತೊಳೆದು, ಬೇರಿಂಗ್, ಬ್ರಷ್, ರೆಗ್ಯುಲೇಟರ್, ಡಯೋಡ್ ಪ್ಲೇಟ್ ಎಲ್ಲ ಹೊಸದು ಹಾಕಿ, ರಿಂಗ್ ಸರಿ ಮಾಡಿ, ಟೆಸ್ಟ್ ಬೆಂಚಿನಲ್ಲಿ ಲೋಡ್ ಕೊಟ್ಟು ನೋಡಿದ್ದು. ಹಾಗೆ ಮಾಡುವವರು ಇದ್ದಾರೆ, ಅಂಥ ಮಾಲು ಹೊಸದರಷ್ಟೇ ಬಾಳುತ್ತದೆ. ಆದರೆ ಆ ಹೆಸರಿನಲ್ಲಿ ನನ್ನ ಟೇಬಲ್ಲಿಗೆ ಬರುವ ಎಷ್ಟೋ ಯೂನಿಟ್‌ಗಳಲ್ಲಿ ಬ್ರಷ್ ಮಾತ್ರ ಹೊಸದು, ಮೇಲೆ ಬೆಳ್ಳಿ ಬಣ್ಣದ ಸ್ಪ್ರೇ. ನಟ್ಟಿನ ಅಂಚಿನ ಮೇಲೂ ತಗಡಿನ ಸಂದಿಯಲ್ಲೂ ಬಣ್ಣ ಕಂಡರೆ, ಆಂಪಿಯರ್ ಬರೆದ ಚೀಟಿ ಇಲ್ಲದಿದ್ದರೆ ಮುಟ್ಟಬೇಡಿ. 75 ಆಂಪಿಯರ್ ಇದ್ದ ಜಾಗಕ್ಕೆ 55ರದ್ದು ಕೂರಿಸಿದರೂ ಹಗಲಿನಲ್ಲಿ ಗೊತ್ತಾಗುವುದಿಲ್ಲ. ರಾತ್ರಿ, ಮಳೆ, ವೈಪರ್, ಎ.ಸಿ. ಎಲ್ಲ ಸೇರಿ ದೇವಿಮನೆ ಘಟ್ಟ ಹತ್ತುವಾಗ ಗೊತ್ತಾಗುತ್ತದೆ.

ಇನ್ನೂ ಮುಖ್ಯವಾದದ್ದು, ನಿಮ್ಮ ಹಳೆಯದು ಎಲ್ಲಿ ಓಡಿದೆ ಅಂತ ನಿಮಗೆ ಗೊತ್ತು. ಬದಲಿಗೆ ಬರುವುದು ಯಾವ ಗಾಡಿಯದ್ದೋ. 2019ರ ಆಗಸ್ಟ್‌ನಲ್ಲಿ ಕದ್ರಾ ಜಲಾಶಯದಿಂದ ನೀರು ಬಿಟ್ಟು ಕಾಳಿ ದಡದ ಊರುಗಳಿಗೆ ನೀರು ನುಗ್ಗಿತ್ತಲ್ಲ, ಹಾಗೆ ಮುಳುಗಿದ ಗಾಡಿಯ ಆಲ್ಟರ್ನೇಟರ್ ಕೂಡ ಗುಜರಿಯಿಂದ ತೊಳೆದು ಬರಬಹುದು. ಹೊರಗಿನಿಂದ ಹೇಗೆ ಕಂಡುಹಿಡಿಯುತ್ತೀರಿ? ಅದಕ್ಕೇ ನನ್ನ ಲೆಕ್ಕದಲ್ಲಿ ಮೊದಲು ನಿಮ್ಮದೇ ಯೂನಿಟ್ಟಿನ ರಿಪೇರಿ, ಆಗದಿದ್ದರೆ ಹೊಸದು, ಅದಕ್ಕೂ ದುಡ್ಡು ಕೂಡಿಬರದಿದ್ದರೆ ಮಾತ್ರ ಬಿಲ್ಲು, ವಾರಂಟಿ ಬರೆದುಕೊಡುವವರ ಹತ್ತಿರ ರೀಬಿಲ್ಟ್.

ಹೊಸದು ಅಂದಾಗ ಶೋರೂಂ ಒಂದೇ ದಾರಿಯಲ್ಲ. ಲೂಕಾಸ್ ಟಿವಿಎಸ್, ಬಾಷ್ ಅಂಥ ಕಂಪನಿಗಳ ಮಾಲು ಡೀಲರ್ ಹತ್ತಿರವೂ ಸಿಗುತ್ತದೆ. ನಿಮ್ಮ ಹಳೆಯದರ ಮೇಲಿನ ಪಾರ್ಟ್ ನಂಬರ್ ಫೋಟೊ ತೆಗೆದು ಕಳಿಸಿ, ಕನೆಕ್ಟರ್ ಮತ್ತು ಪುಲ್ಲಿ ಹೊಂದುತ್ತದೆಯಾ ಕೇಳಿ. 2025ರ ಸೆಪ್ಟೆಂಬರ್ 22ರಿಂದ ಬಿಡಿಭಾಗಗಳ ಜಿಎಸ್‌ಟಿ 28ರಿಂದ ಶೇಕಡಾ 18ಕ್ಕೆ ಇಳಿದಿದೆ. ಅದಕ್ಕೂ ಹಿಂದಿನ ಕೊಟೇಶನ್ ಯಾರಾದರೂ ತೋರಿಸಿದರೆ ಹೊಸ ದರ ಕೇಳಿ. ರಿಪೇರಿಯ ಖರ್ಚು ಹೊಸದರ ಅರ್ಧ ದಾಟಿತು ಅಂದರೆ ನಾನೇ ಗಿರಾಕಿಗೆ ಬೇಡ ಅಂತೇನೆ.

ಇದನ್ನು ಓದುವ ಬೇರೆಯವರಿಗೆ ಎರಡು ಮಾತು. ಬೊಲೆರೊ, ಸುಮೊ ಥರದ ಹಲವು ಹಳೆಯ ಡೀಸೆಲ್ ಗಾಡಿಗಳಲ್ಲಿ ಆಲ್ಟರ್ನೇಟರ್ ಬೆನ್ನಿಗೇ ವ್ಯಾಕ್ಯೂಮ್ ಪಂಪ್ ಇರುತ್ತದೆ. ಬ್ರೇಕ್ ಹಗುರವಾಗಿ ಹಿಡಿಯುವುದು ಅದರಿಂದ. ಅದರ ಸೀಲ್ ಹೋಗಿ ಆಯಿಲ್ ಒಳಗಿಳಿದರೆ ಬ್ರಷ್ ಎಷ್ಟು ಬದಲಿಸಿದರೂ ಉಳಿಯದು, ಬ್ರೇಕೂ ಗಟ್ಟಿಯಾಗುತ್ತದೆ. ಘಟ್ಟದ ದಾರಿಯಲ್ಲಿ ಓಡಾಡುವವರು ಇದರಲ್ಲಿ ಉಳಿತಾಯ ಮಾಡಬೇಡಿ. ಸಿಯಾಜ್, ಎರ್ಟಿಗಾದ ಎಸ್‌ಎಚ್‌ವಿಎಸ್ (ಮಾರುತಿಯ ಮೈಲ್ಡ್ ಹೈಬ್ರಿಡ್) ಮಾದರಿಗಳಲ್ಲಿ ಇರುವುದು ಸಾದಾ ಆಲ್ಟರ್ನೇಟರ್ ಅಲ್ಲ, ವೋಲ್ಟೇಜ್ ಏರಿಳಿತ ಅಲ್ಲಿ ಸಹಜ. ಮೇಲೆ ಹೇಳಿದ ಅಂಕಿ ಅವಕ್ಕೆ ಹಿಡಿಯಬೇಡಿ, ಗೊತ್ತಿದ್ದವರಿಗೇ ತೋರಿಸಿ.

ನಿಮ್ಮ ಸ್ವಿಫ್ಟಿಗೆ ಬರೋಣ. ಲೈಟ್ ಆಗಾಗ ಬಂದು ಹೋಗುತ್ತದೆ ಅಂದರೆ ನನ್ನ ಅನುಮಾನ ಬ್ರಷ್ ಮೇಲೆ, ಇಲ್ಲವೇ ವೈರು, ಬೆಲ್ಟ್ ಮೇಲೆ. ಸ್ಟೇಟರ್ ಸುಟ್ಟಿದ್ದರೆ ಲೈಟ್ ಹೀಗೆ ಆಟ ಆಡುವುದು ಕಡಿಮೆ. ಹಾಗಾಗಿ ಪೇಟೆಯ ಎಲೆಕ್ಟ್ರಿಷಿಯನ್ ಹತ್ತಿರವೇ ಬಿಚ್ಚಿಸಿ, ಪಕ್ಕದಲ್ಲಿ ನಿಂತು ನೋಡಿ. ಇಳಿಸುವ ಮೊದಲು ಬ್ಯಾಟರಿಯ ಮೈನಸ್ ತೆಗೆಯಲಿ, ಹಿಂದಿನ ದಪ್ಪ ವೈರಿನಲ್ಲಿ ಯಾವಾಗಲೂ ಕರೆಂಟ್ ಇರುತ್ತದೆ. ಬ್ಯಾಟರಿ ಪೂರ್ತಿ ಇಳಿದಿದ್ದರೆ ಹೊರಗಿನ ಚಾರ್ಜರಿನಲ್ಲಿ ತುಂಬಿಸಿ ಆಮೇಲೆ ಹಾಕಿ. ರಿಪೇರಿಯಾದ ಆಲ್ಟರ್ನೇಟರಿಗೆ ಸತ್ತ ಬ್ಯಾಟರಿ ತುಂಬಿಸುವ ಕೆಲಸ ಕೊಟ್ಟರೆ ಅದು ಕಾದು ಮತ್ತೆ ಕೂರುತ್ತದೆ.

ಕಾರವಾರದಲ್ಲಿ ಆಗದೆ ಹುಬ್ಬಳ್ಳಿಗೇ ಕಳಿಸಬೇಕಾಗಿ ಬಂದರೆ, ಬದಲಿ ಬೇಡ, ನನ್ನದೇ ಸರಿ ಮಾಡಿ ಕೊಡಿ ಅನ್ನಿ. ಬಸ್ಸಿಗೆ ಹಾಕುವ ಮೊದಲು ಬಾಡಿಯ ಒಳಬದಿಯಲ್ಲಿ ಮೊಳೆಯಿಂದ ಒಂದು ಗುರುತು ಗೀರಿ, ಹಳೆಯ ಬೇರಿಂಗ್, ಬ್ರಷ್ ಕೂಡ ಅದೇ ಡಬ್ಬಿಯಲ್ಲಿ ವಾಪಸ್ ಕಳಿಸಲು ಹೇಳಿ.